ಮೆಲ್ಕಿಯ .346, ಪೃಥ್ವಿಯ 99

ಅಮೆರಿಕದ ಬೇಸ್‌ಬಾಲ್‌ನಲ್ಲಿ ಮಹಾನ್ ಆಟಗಾರರ ಗೌರವ ಮಂದಿರವಾದ ಹಾಲ್ ಆಫ್ ಫೇಮ್‌ಗೆ, ಬರಹಗಾರರ ಮತದಲ್ಲಿ ಆಯ್ಕೆಯಾಗದೆ ಉಳಿದವರನ್ನು ಮತ್ತೆ ಪರಿಗಣಿಸುವ ಸಮಿತಿ 2025ರ ಡಿಸೆಂಬರ್ 7ರಂದು ಮತ ಎಣಿಸಿತು. ಸದಸ್ಯರು 16 ಮಂದಿ, ಒಳಗೆ ಹೋಗಲು ಬೇಕಾದದ್ದು 12 ಮತ. ಜೆಫ್ ಕೆಂಟ್‌ಗೆ 14 ಬಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನಲ್ಲಿ ಕೆಂಟ್ ಜೊತೆಗೇ ಆರು ಸೀಸನ್ ಆಡಿದ, ಕೆಂಟ್‌ಗಿಂತ ದುಪ್ಪಟ್ಟು ಹೋಂ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಬೇಲಿಯಾಚೆ ಹೋಗುವ ಹೊಡೆತ) ಹೊಡೆದ, ಆದರೆ ಉದ್ದೀಪನ ಮದ್ದಿನ ಆರೋಪ ಹೊತ್ತ ಬ್ಯಾರಿ ಬಾಂಡ್ಸ್‌ಗೆ ಐದು ಮತವೂ ಬರಲಿಲ್ಲ. ಐದು ಮುಟ್ಟದವರನ್ನು ಮುಂದಿನ ಸುತ್ತಿಗೆ ಸೇರಿಸುವಂತಿಲ್ಲ ಎಂಬ ಹೊಸ ನಿಯಮ ಬೇರೆ. ಹಾಗಾಗಿ 2028ರ ಪಟ್ಟಿಯಲ್ಲಿ ಬಾಂಡ್ಸ್ ಇರುವುದಿಲ್ಲ, ಏನಿದ್ದರೂ 2031ಕ್ಕೆ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಇದ್ದುಕೊಂಡು ಜೈಂಟ್ಸ್ ಹುಚ್ಚು ಹತ್ತಿಸಿಕೊಂಡ ಕನ್ನಡಿಗರಿಗೆ ಇದು ಚುರ್ ಎನ್ನದೆ ಇರಲು ಸಾಧ್ಯವಿಲ್ಲ. 762 ಹೋಂ ರನ್ ಹೊಡೆದವನನ್ನು ಆಟ ಬಿಟ್ಟು 18 ವರ್ಷವಾದ ಮೇಲೂ ಹೊಸ್ತಿಲಲ್ಲೇ ನಿಲ್ಲಿಸಿದ್ದಾರೆ. ಇದನ್ನು ಊರಿನವರಿಗೆ ಫೋನಿನಲ್ಲಿ ವಿವರಿಸಿದರೆ ಬರುವ ಮೊದಲ ಮಾತು ಗೊತ್ತೇ ಇದೆ: ‘ಅಯ್ಯೋ, ಆದದ್ದು ಆಯ್ತಲ್ಲ, ಇನ್ನೂ ಹಿಡ್ಕೊಂಡು ಕೂತಿದಾರಾ?’ ಈ ಮಾತು ಕೇಳಿದಾಗಲೆಲ್ಲ ಬಾಂಡ್ಸ್ ಮೇಲಿದ್ದ ಕನಿಕರ ಸ್ವಲ್ಪ ಕರಗುತ್ತದೆ. ‘ಆದದ್ದು ಆಯ್ತು’ ಎನ್ನುವವರ ಲೆಕ್ಕಪುಸ್ತಕ ಹೇಗಿರುತ್ತದೆ ಎಂಬುದನ್ನು ನಾವು ಭಾರತದ ಕ್ರೀಡೆಯಲ್ಲಿ ಸಾಕಷ್ಟು ನೋಡಿದ್ದೇವೆ.

ನಮ್ಮಲ್ಲಿ ಸನ್ಮಾನಕ್ಕೆ ಬಹಳ ಆತುರ. ಪದಕ ಗೆದ್ದವರು ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಫ್ಲೆಕ್ಸ್ ಎದ್ದಿರುತ್ತದೆ, ಮೈಸೂರು ಪೇಟ, ಶಾಲು, ಏಲಕ್ಕಿ ಹಾರ ತಯಾರಿರುತ್ತವೆ, ಮಂತ್ರಿಗಳ ಭಾಷಣವೂ. ಇಲ್ಲಿ ಬೇಸ್‌ಬಾಲ್‌ನಲ್ಲಿ ಆಟ ಬಿಟ್ಟು ಐದು ವರ್ಷ ಕಳೆಯುವ ತನಕ ಹೆಸರನ್ನು ಚರ್ಚೆಗೂ ತೆಗೆದುಕೊಳ್ಳುವುದಿಲ್ಲ. ಆಮೇಲೆ ಹಿರಿಯ ಬೇಸ್‌ಬಾಲ್ ಬರಹಗಾರರು ಹತ್ತು ವರ್ಷಗಳವರೆಗೆ ಪ್ರತಿವರ್ಷ ಮತ ಹಾಕುತ್ತಾರೆ, ಶೇ 75 ಬಂದರೆ ಮಾತ್ರ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನ ಗೋಡೆಯ ಮೇಲೆ ಕಂಚಿನ ಫಲಕ. ಬಾಂಡ್ಸ್‌ಗೆ ಹತ್ತನೆಯ, ಅಂದರೆ ಕೊನೆಯ ವರ್ಷವಾದ 2022ರಲ್ಲಿ ಸಿಕ್ಕಿದ್ದು ಶೇ 66. ಅದೇ ಆರೋಪ ಹೊತ್ತ ರೋಜರ್ ಕ್ಲೆಮೆನ್ಸ್‌ಗೆ ಶೇ 65.2.

ಬಾಂಡ್ಸ್ ಮೇಲಿನ ಆರೋಪ ಹುಟ್ಟಿದ ಜಾಗ ಬರ್ಲಿಂಗೇಮ್. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಊರು. ಬೆಂಗಳೂರಿನಿಂದ ಉಪ್ಪಿನಕಾಯಿ ಜಾಡಿ ಹೊತ್ತು ಬಂದವರೆಲ್ಲ ಅದರ ಪಕ್ಕದಲ್ಲೇ ಹಾದು ಹೋಗಿರುತ್ತಾರೆ. ಅಲ್ಲಿ ವಿಕ್ಟರ್ ಕಾಂಟೆ ನಡೆಸುತ್ತಿದ್ದ ಬ್ಯಾಲ್ಕೊ ಎಂಬ ಕಂಪನಿಯ ಮೇಲೆ 2003ರ ಸೆಪ್ಟೆಂಬರ್ 3ರಂದು ದಾಳಿಯಾಯಿತು. ಸಿಕ್ಕ ಮುಖ್ಯ ಸರಕು ಎರಡು. ಒಂದು ‘ಕ್ಲಿಯರ್’, ನಾಲಿಗೆಯ ಕೆಳಗೆ ಹಾಕಿಕೊಳ್ಳುವ ಹನಿ. ಇನ್ನೊಂದು ‘ಕ್ರೀಮ್’, ಮೈಗೆ ಸವರಿಕೊಳ್ಳುವ ಮುಲಾಮು.

ಕ್ಲಿಯರ್‌ನ ಜಾಣತನ ರಸಾಯನಶಾಸ್ತ್ರದ್ದು. ಗೆಸ್ಟ್ರಿನೋನ್ ಎಂಬ ಔಷಧದ ಅಣುವಿಗೆ ನಾಲ್ಕು ಹೈಡ್ರೋಜನ್ ಸೇರಿಸಿ ಪ್ಯಾಟ್ರಿಕ್ ಆರ್ನಾಲ್ಡ್ ಎಂಬ ರಸಾಯನತಜ್ಞ ತಯಾರಿಸಿದ ಟಿಎಚ್‌ಜಿ ಎಂಬ ಸ್ಟೆರಾಯ್ಡ್ ಅದು. ಡೋಪಿಂಗ್ ಪ್ರಯೋಗಾಲಯ ಹುಡುಕುವುದು ತನ್ನ ಪಟ್ಟಿಯಲ್ಲಿರುವ ಅಣುಗಳನ್ನು. ಪಟ್ಟಿಯಲ್ಲೇ ಇಲ್ಲದ ಅಣು ಕಣ್ಣಿಗೆ ಬೀಳುವುದಿಲ್ಲ. ಸಾಲದ್ದಕ್ಕೆ, ಆಗ ಬಳಕೆಯಲ್ಲಿದ್ದ ಗ್ಯಾಸ್ ಕ್ರೊಮೆಟೊಗ್ರಫಿ ವಿಧಾನದಲ್ಲಿ ಟಿಎಚ್‌ಜಿ ಒಡೆದು ಚೂರಾಗುತ್ತಿತ್ತು. 2003ರ ಬೇಸಿಗೆಯಲ್ಲಿ ಓಟದ ಕೋಚ್ ಒಬ್ಬರು ಬಳಸಿದ ಸಿರಿಂಜೊಂದನ್ನು ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಗೆ ಹೆಸರು ಹೇಳದೆ ಕಳಿಸಿದರು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಪ್ರಯೋಗಾಲಯದಲ್ಲಿ ಡಾನ್ ಕ್ಯಾಟ್ಲಿನ್ ತಂಡ ಅದರ ತಳದಲ್ಲಿ ಉಳಿದಿದ್ದ ದ್ರವವನ್ನು ಬಿಡಿಸಿ ನೋಡಿ ಅಣುವನ್ನು ಗುರುತಿಸಿ ಹೊಸ ಪರೀಕ್ಷೆ ಕಟ್ಟಿತು. ಆ ಸಿರಿಂಜ್ ಬರದೆ ಹೋಗಿದ್ದರೆ ಎಷ್ಟು ವರ್ಷ ಸಾಗುತ್ತಿತ್ತೋ.

ಕ್ರೀಮ್‌ನದು ಬೇರೆ ಲೆಕ್ಕ. ನಮ್ಮ ಮೂತ್ರದಲ್ಲಿ ಸ್ನಾಯು ಬೆಳೆಸುವ ಹಾರ್ಮೋನ್ ಆದ ಟೆಸ್ಟೋಸ್ಟಿರೋನ್ ಜೊತೆಗೆ ಎಪಿಟೆಸ್ಟೋಸ್ಟಿರೋನ್ ಎಂಬ ಕೆಲಸಕ್ಕೆ ಬಾರದ ಅದರ ಅವಳಿಯೂ ಇರುತ್ತದೆ. ಸಾಮಾನ್ಯವಾಗಿ ಎರಡೂ ಹೆಚ್ಚುಕಡಿಮೆ 1:1. ಹೊರಗಿನಿಂದ ಟೆಸ್ಟೋಸ್ಟಿರೋನ್ ತೆಗೆದುಕೊಂಡರೆ ಮೊದಲನೆಯದು ಮಾತ್ರ ಏರುತ್ತದೆ, ಅನುಪಾತ ಕೆಡುತ್ತದೆ. ಹಿಂದೆ 6:1 ದಾಟಿದರೆ ಅನುಮಾನ, 2005ರಿಂದ 4:1. ಕ್ರೀಮ್ ತಯಾರಿಸಿದವರು ಎರಡನ್ನೂ ಬೆರೆಸಿಟ್ಟು ತಕ್ಕಡಿ ಸಮ ಮಾಡಿದರು. ಇದಕ್ಕೆ ಪ್ರಯೋಗಾಲಯ ಕೊಟ್ಟ ಉತ್ತರ ಕಾರ್ಬನ್ ಐಸೋಟೋಪ್ ಪರೀಕ್ಷೆ. ಕಾರ್ಖಾನೆಯ ಟೆಸ್ಟೋಸ್ಟಿರೋನ್ ಹುಟ್ಟುವುದು ಸೋಯಾ ಅಥವಾ ಕಾಡುಗೆಣಸಿನಂಥ ಗಿಡಗಳ ಸ್ಟೆರಾಲ್‌ನಿಂದ. ಅದರಲ್ಲಿ ಕಾರ್ಬನ್-13ರ ಪಾಲು ಮನುಷ್ಯನ ದೇಹ ತಾನೇ ಮಾಡಿಕೊಂಡದ್ದಕ್ಕಿಂತ ತುಸು ಕಡಿಮೆ. ಅನುಪಾತ ಎಷ್ಟೇ ಸರಿಯಿದ್ದರೂ ಈ ಗುರುತು ಅಳಿಸುವುದಿಲ್ಲ. 2014ರಿಂದ ಅಮೆರಿಕದ ಅತಿದೊಡ್ಡ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಪ್ರತಿ ಆಟಗಾರನ ಒಂದಾದರೂ ಮಾದರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡುತ್ತಾರೆ. ದುಬಾರಿ ಪರೀಕ್ಷೆ, ಅದಕ್ಕೇ ಎಲ್ಲ ಮಾದರಿಗೂ ಇಲ್ಲ.

ಬಾಂಡ್ಸ್ 2003ರಲ್ಲಿ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಹೇಳಿದ್ದು, ಟ್ರೇನರ್ ಕೊಟ್ಟದ್ದು ಅಗಸೆ ಎಣ್ಣೆ ಮತ್ತು ಸಂಧಿವಾತದ ಮುಲಾಮು ಎಂದುಕೊಂಡಿದ್ದೆ ಎಂದು. ಅಗಸೆ ಚಟ್ನಿ ತಿಂದು ಬೆಳೆದ ಧಾರವಾಡ, ಬಾಗಲಕೋಟೆಯ ಮಂದಿ ಇಷ್ಟು ಹೊತ್ತಿಗೆ ಎಷ್ಟು ಹೋಂ ರನ್ ಹೊಡೆಯಬೇಕಿತ್ತೋ! 2000ದ ತನಕ ಒಂದು ಸೀಸನ್‌ನಲ್ಲಿ 49ನ್ನು ದಾಟದಿದ್ದ ಆಟಗಾರ 2001ರಲ್ಲಿ, 37 ತುಂಬಿದ ಬೇಸಿಗೆಯಲ್ಲಿ, 73 ಹೊಡೆದರು. ನ್ಯಾಯಾಂಗಕ್ಕೆ ಅಡ್ಡಿ ಮಾಡಿದ ಅಪರಾಧಕ್ಕೆ 2011ರಲ್ಲಿ ಶಿಕ್ಷೆಯಾಯಿತು, 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದು ಮಾಡಿತು. ಸ್ಟೆರಾಯ್ಡ್‌ಗಾಗಿ ಮೇಜರ್ ಲೀಗ್ ಅವರನ್ನು ಒಂದು ಪಂದ್ಯಕ್ಕೂ ಅಮಾನತು ಮಾಡಿಲ್ಲ. 762 ಇಂದಿಗೂ ದಾಖಲೆ ಪುಸ್ತಕದಲ್ಲಿದೆ. ಸಂಖ್ಯೆ ಉಳಿಸಿಕೊಂಡು ಗೌರವ ತಡೆಹಿಡಿದಿದ್ದಾರೆ, ಅಷ್ಟೆ.

ಮದ್ದು ತಿಂದರೆ ಚೆಂಡು ಕಾಣಿಸುವುದಿಲ್ಲವಲ್ಲ, ಹೊಡೆಯುವುದು ಕಣ್ಣು ಮತ್ತು ಕೈಯ ಆಟವಲ್ಲವೇ ಎಂದು ಕೇಳುವವರು ಊರಿನಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅರ್ಧ ನಿಜ. ಆದರೆ ಬ್ಯಾಟಿನಿಂದ ಹೊರಡುವ ಚೆಂಡಿನ ವೇಗ ಗಂಟೆಗೆ ಒಂದು ಮೈಲಿ ಹೆಚ್ಚಾದರೆ ಎತ್ತರಕ್ಕೆ ಹೊಡೆದ ಚೆಂಡು ಸುಮಾರು 5 ಅಡಿ ಹೆಚ್ಚು ದೂರ ಹೋಗುತ್ತದೆ. ಬೇಲಿಯ ಬುಡದಲ್ಲಿ ಕ್ಯಾಚ್ ಆಗುವುದಕ್ಕೂ ಬೇಲಿಯಾಚೆ ಬೀಳುವುದಕ್ಕೂ ಎಷ್ಟೋ ಸಲ ಇರುವ ಅಂತರ ಅಷ್ಟೇ. ಅದಕ್ಕಿಂತ ದೊಡ್ಡ ಲಾಭ ಚೇತರಿಕೆಯದು. ಆರು ತಿಂಗಳಲ್ಲಿ 162 ಪಂದ್ಯ. ರಾತ್ರಿ ಪಂದ್ಯ ಮುಗಿಸಿ ವಿಮಾನ ಹತ್ತಿ ಮರುದಿನ ಇನ್ನೊಂದು ಊರಿನಲ್ಲಿ ಮತ್ತೆ ಆಟ. ಆಗಸ್ಟ್ ಹೊತ್ತಿಗೆ ಎಲ್ಲರ ಬ್ಯಾಟೂ ಭಾರವಾಗುತ್ತದೆ, ಮದ್ದು ತಿಂದವನದು ಆಗುವುದಿಲ್ಲ. 2006ರಲ್ಲಿ ನಿಷೇಧವಾಗುವ ತನಕ ‘ಗ್ರೀನೀಸ್’ ಎಂಬ ಆಂಫೆಟಮಿನ್ ಗುಳಿಗೆ ದಶಕಗಳ ಕಾಲ ಡ್ರೆಸ್ಸಿಂಗ್ ರೂಮಿನಲ್ಲಿ ಓಡಾಡಿದ್ದೂ ಇದೇ ಕಾರಣಕ್ಕೆ.

ಕೆಡುವುದೂ ಬಹಳ. ಸ್ನಾಯು ಬೆಳೆದ ವೇಗಕ್ಕೆ ಸ್ನಾಯುರಜ್ಜು ಬೆಳೆಯುವುದಿಲ್ಲ, ಹರಿಯುತ್ತದೆ. ಹೊರಗಿನ ಟೆಸ್ಟೋಸ್ಟಿರೋನ್ ಬಂದಾಗ ದೇಹ ತನ್ನ ಕಾರ್ಖಾನೆಗೆ ಬೀಗ ಹಾಕುತ್ತದೆ, ವೃಷಣ ಕುಗ್ಗುತ್ತದೆ. ಕೋರ್ಸ್ ಮುಗಿದ ಮೇಲೆ ಆ ಬೀಗ ತೆಗೆಸಲು ಎಚ್‌ಸಿಜಿ ಚುಚ್ಚಿಕೊಳ್ಳುತ್ತಾರೆ. ಗರ್ಭಿಣಿಯರ ದೇಹದಲ್ಲಿ ಏರುವ ಹಾರ್ಮೋನ್ ಅದು. 2009ರಲ್ಲಿ ಮ್ಯಾನಿ ರಮಿರೆಜ್ 50 ಪಂದ್ಯ ಹೊರಗೆ ಕೂತದ್ದು ಎಚ್‌ಸಿಜಿ ಕಾರಣಕ್ಕೆ. ಎಣ್ಣೆಯಲ್ಲಿ ಕಲಸಿದ ನ್ಯಾಂಡ್ರೋಲೋನ್ ಎಂಬ ಸ್ಟೆರಾಯ್ಡ್ ಚುಚ್ಚಿಕೊಂಡರೆ ತಿಂಗಳುಗಟ್ಟಲೆ ಕುರುಹು ಉಳಿಯುತ್ತದೆ. ಅದಕ್ಕೇ ಆಟಗಾರರು ಬೇಗ ಇಳಿದುಹೋಗುವ ಟೆಸ್ಟೋಸ್ಟಿರೋನ್ ಕಡೆ ವಾಲಿದರು. ಫ್ಲಾರಿಡಾದ ಕೋರಲ್ ಗೇಬಲ್ಸ್‌ನಲ್ಲಿ ಬಯೋಜೆನೆಸಿಸ್ ಎಂಬ ಕ್ಲಿನಿಕ್ ನಡೆಸುತ್ತಿದ್ದ, ವೈದ್ಯನೇ ಅಲ್ಲದ ಆಂಥೊನಿ ಬಾಶ್ ಬಾಯಲ್ಲಿ ಕರಗುವ ಟೆಸ್ಟೋಸ್ಟಿರೋನ್ ಪೆಪ್ಪರ್‌ಮೆಂಟಿನಂಥದ್ದನ್ನು ಕೊಡುತ್ತಿದ್ದುದು ಆ ಲೆಕ್ಕದಲ್ಲಿ. ಆತನ ಗಿರಾಕಿಗಳು ಸಿಕ್ಕಿಬಿದ್ದದ್ದು ಬಹುಮಟ್ಟಿಗೆ ಮೂತ್ರದಿಂದಲ್ಲ. ಆತ ಕೈಯಲ್ಲಿ ಬರೆದಿಟ್ಟ ನೋಟ್‌ಬುಕ್‌ಗಳು 2013ರಲ್ಲಿ ಪತ್ರಿಕೆಯ ಕೈಸೇರಿದ್ದರಿಂದ. ಆ ಗಿರಾಕಿಗಳಲ್ಲಿ ಒಬ್ಬರಾದ ಅಲೆಕ್ಸ್ ರಾಡ್ರಿಗೆಜ್‌ಗೆ 2014ರ ಇಡೀ ಸೀಸನ್ ಹೋಯಿತು.

ಮಾದರಿ ತೆಗೆಯುವ ಕ್ರಮವನ್ನೂ ಹೇಳಬೇಕು, ಏಕೆಂದರೆ ಎಲ್ಲ ಕೆಡುವುದು ಅಲ್ಲೇ. ಸಂಗ್ರಾಹಕ ಹೇಳದೆ ಕೇಳದೆ ಕ್ಲಬ್‌ಹೌಸ್‌ಗೆ ಬರುತ್ತಾನೆ. ಹೆಸರು ಬಂದ ಆಟಗಾರನನ್ನು ಆ ಕ್ಷಣದಿಂದ ಕಣ್ಣಳತೆಯಿಂದ ಬಿಡುವುದಿಲ್ಲ. ಮೂತ್ರ ಲೋಟಕ್ಕೆ ಬೀಳುವುದನ್ನು ನೇರವಾಗಿ ನೋಡುತ್ತಾನೆ, ಮುಜುಗರದ ಪ್ರಶ್ನೆಯೇ ಇಲ್ಲ. ಹಿಂದೆ ಬೇರೆಯವರ ಮೂತ್ರವನ್ನು ಕೊಳವೆಯಲ್ಲಿ ಕಟ್ಟಿಕೊಂಡು ಬಂದವರು ಇದ್ದದ್ದರಿಂದ ಈ ಬಿಗಿ. ತೀರಾ ನೀರಾಗಿದ್ದರೆ, ಅಂದರೆ ಸಾಪೇಕ್ಷ ಸಾಂದ್ರತೆ ಮಿತಿಗಿಂತ ಕೆಳಗಿದ್ದರೆ, ಇನ್ನೊಮ್ಮೆ ಕೊಡಬೇಕು. ಅದನ್ನು ಎ, ಬಿ ಎಂದು ಎರಡು ಬಾಟಲಿಗೆ ಹಂಚಿ, ಒಡೆಯದೆ ತೆರೆಯಲಾಗದ ಮುಚ್ಚಳ ಹಾಕಿ, ಸಂಖ್ಯೆ ಬರೆದು, ಆಟಗಾರನ ಸಹಿ ಪಡೆದು ಕೊರಿಯರ್‌ಗೆ ಕೊಡಬೇಕು. ಅದೂ ಅದೇ ದಿನ.

ಆ ‘ಅದೇ ದಿನ’ದಲ್ಲೇ ಮಿಲ್ವಾಕಿ ತಂಡದ ರಯಾನ್ ಬ್ರಾನ್ ಪಾರಾದದ್ದು. 2011ರ ಅಕ್ಟೋಬರ್ 1, ಶನಿವಾರ ಸಂಜೆ ಕೊಟ್ಟ ಮಾದರಿಯನ್ನು ಸಂಗ್ರಾಹಕ ಮನೆಯಲ್ಲಿಟ್ಟುಕೊಂಡು ಸೋಮವಾರ ಕಳಿಸಿದ. ಮೊಹರು ಒಡೆದಿರಲಿಲ್ಲ, ಪ್ರಯೋಗಾಲಯಕ್ಕೆ ಏನೂ ದೋಷ ಕಾಣಲಿಲ್ಲ. ಆದರೂ ಮಧ್ಯಸ್ಥಗಾರ ಶ್ಯಾಮ್ ದಾಸ್ 2012ರ ಫೆಬ್ರವರಿಯಲ್ಲಿ ನಿಯಮ ಮುರಿದಿದೆ ಎಂದು ಶಿಕ್ಷೆ ರದ್ದು ಮಾಡಿದರು. ಅದೇ ಮೇ ತಿಂಗಳಲ್ಲಿ ಮೇಜರ್ ಲೀಗ್ ದಾಸ್ ಅವರನ್ನೇ ಕೆಲಸದಿಂದ ತೆಗೆಯಿತು, ಇಲ್ಲಿನವರೂ ದೇವರಲ್ಲ. ಮರುವರ್ಷ ಬಯೋಜೆನೆಸಿಸ್ ಕಾಗದಗಳಲ್ಲಿ ಹೆಸರು ಬಂದಾಗ ಬ್ರಾನ್ 65 ಪಂದ್ಯಗಳ ಅಮಾನತು ಒಪ್ಪಿಕೊಂಡರು.

ಇನ್ನು ಮೆಲ್ಕಿ ಕಬ್ರೇರಾ. ಎರಡೂ ದೇಶಗಳ ವ್ಯತ್ಯಾಸ ಈ ಒಬ್ಬ ಆಟಗಾರನಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

2012ರ ಜೈಂಟ್ಸ್ ತಂಡದ ಎಡ ಅಂಚಿನ ಫೀಲ್ಡರ್. ಜುಲೈನಲ್ಲಿ ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ. ಆಗಸ್ಟ್ 15ಕ್ಕೆ ಟೆಸ್ಟೋಸ್ಟಿರೋನ್‌ಗಾಗಿ 50 ಪಂದ್ಯಗಳ ಅಮಾನತು. ಮೊದಲು ಕೊಟ್ಟ ಸಬೂಬು ಎಂಥದ್ದೆಂದರೆ, ಅವರ ಕಡೆಯವರೊಬ್ಬರು ಇಲ್ಲದ ಕ್ರೀಮ್ ಒಂದನ್ನು ಮಾರುವ ನಕಲಿ ವೆಬ್‌ಸೈಟ್ ಕಟ್ಟಿಸಿ, ಅದನ್ನು ಕೊಂಡು ಮೋಸ ಹೋದೆ ಎಂದು ಹೇಳಿಸಲು ಹೊರಟಿದ್ದರು. ತನಿಖೆಯವರು ಅದರ ಜಾಡು ಹಿಡಿದರು. ಅಲ್ಲಿಗೆ ಅದು ಮುಗಿಯಿತು.

ಆ ಹೊತ್ತಿಗೆ ಮೆಲ್ಕಿಯ ಬ್ಯಾಟಿಂಗ್ ಸರಾಸರಿ, ಅಂದರೆ ಸರದಿಗೆ ಎಷ್ಟು ಹಿಟ್ ಎಂಬ ಲೆಕ್ಕ, .346. ಸೀಸನ್ ಮುಗಿದಾಗ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಎಲ್ಲರಿಗಿಂತ ಮೇಲೆ ಹೋಗಿ ನಿಂತ ಅಂಕಿ. ಬ್ಯಾಟಿಂಗ್ ಕಿರೀಟಕ್ಕೆ ಕನಿಷ್ಠ 502 ಸಲ ಬ್ಯಾಟ್ ಹಿಡಿದು ನಿಂತಿರಬೇಕು. ಮೆಲ್ಕಿ ನಿಂತದ್ದು 501 ಸಲ. ಒಂದು ಕಡಿಮೆ. ಆದರೆ ನಿಯಮದಲ್ಲೇ ಒಂದು ಕಿಂಡಿ ಇತ್ತು: ಕಡಿಮೆ ಬಿದ್ದ ಸರದಿಗಳನ್ನು ಔಟ್ ಎಂದು ಲೆಕ್ಕಕ್ಕೆ ಸೇರಿಸಿ, ಆಗಲೂ ಸರಾಸರಿ ಎಲ್ಲರಿಗಿಂತ ಮೇಲಿದ್ದರೆ ಕಿರೀಟ ಅವನದೇ. ಆ 501ರಲ್ಲಿ ವಾಕ್‌ನಂಥವನ್ನು ಬಿಟ್ಟು ಸರಾಸರಿಗೆ ಎಣಿಸುವ 459 ಸರದಿಯಲ್ಲಿ 159 ಹಿಟ್ ಇದ್ದದ್ದು 460ರಲ್ಲಿ 159 ಆದರೂ .346 ಹಾಗೇ ಉಳಿಯುತ್ತಿತ್ತು. ಮನೆಯಲ್ಲಿ ಕೂತುಕೊಂಡೇ, ಅಮಾನತಿನಲ್ಲಿದ್ದುಕೊಂಡೇ ಮೆಲ್ಕಿ ಚಾಂಪಿಯನ್.

ಆಗ ಮೆಲ್ಕಿಯೇ ಆಟಗಾರರ ಒಕ್ಕೂಟದ ಮೂಲಕ ತನ್ನನ್ನು ಕಿರೀಟದ ಲೆಕ್ಕದಿಂದ ಬಿಡಿ ಎಂದು ಕೇಳಿಕೊಂಡರು. ಲೀಗ್ ಮತ್ತು ಒಕ್ಕೂಟ ಕೂತು ಆ ವರ್ಷಕ್ಕೆ ಆ ಕಿಂಡಿ ಮುಚ್ಚಿದವು. ಕಿರೀಟ .336 ಹೊಡೆದ ಬಸ್ಟರ್ ಪೋಸಿಗೆ ಹೋಯಿತು, ಅವರೂ ಜೈಂಟ್ಸ್‌ನವರೇ. 50 ಪಂದ್ಯಗಳಲ್ಲಿ 45 ಲೀಗ್ ಹಂತದಲ್ಲಿ ಕಳೆದವು, ಉಳಿದ ಐದು ಪ್ಲೇ ಆಫ್‌ನ ಮೊದಲ ಸುತ್ತಿನಲ್ಲಿ. ಆರನೆಯ ಪಂದ್ಯದಿಂದ ಮೆಲ್ಕಿಯನ್ನು ಆಡಿಸಲು ಯಾವ ಅಡ್ಡಿಯೂ ಇರಲಿಲ್ಲ. ಜೈಂಟ್ಸ್ ಆಡಿಸಲಿಲ್ಲ. ಅವರಿಲ್ಲದೆಯೇ ಆ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದರು. 2014ರಿಂದ ಇದು ನಿಯಮವೇ ಆಯಿತು: ಸೀಸನ್‌ನಲ್ಲಿ ಅಮಾನತಾದವನಿಗೆ ಆ ವರ್ಷದ ಪ್ಲೇ ಆಫ್ ಇಲ್ಲ. ಶಿಕ್ಷೆಯೂ 50ರಿಂದ 80ಕ್ಕೆ ಏರಿತು. ಎರಡನೆಯ ಸಲಕ್ಕೆ 162, ಮೂರನೆಯದಕ್ಕೆ ಆಜೀವ. ಶಿಕ್ಷೆ ಮುಗಿಸಿ ಬಂದವನು ಆಟ ಬಿಡುವ ತನಕ ಪ್ರತಿವರ್ಷ ಹೆಚ್ಚುವರಿಯಾಗಿ ಆರು ಸಲ ಮೂತ್ರ, ಮೂರು ಸಲ ರಕ್ತ ಕೊಡಬೇಕು.

ಈಗ ನಮ್ಮ ಕಡೆ ಬನ್ನಿ. 2019ರ ಫೆಬ್ರವರಿ 22ರಂದು ಇಂದೋರ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟೂರ್ನಿಯಲ್ಲಿ ಪೃಥ್ವಿ ಶಾ ಮಾದರಿ ಕೊಟ್ಟರು. ಅದರಲ್ಲಿ ಶ್ವಾಸನಾಳ ಸಡಿಲಿಸುವ ಟರ್ಬುಟಲಿನ್ ಎಂಬ ಔಷಧ ಸಿಕ್ಕಿತು. ಕೆಮ್ಮಿಗೆ ಸಿರಪ್ ಕುಡಿದೆ ಎಂದರು, ಬಿಸಿಸಿಐ ಒಪ್ಪಿತು. ಅದು ನಂಬಬಹುದಾದ ಮಾತೇ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಅಂಬ್ರಾಕ್ಸಾಲ್ ಜೊತೆ ಟರ್ಬುಟಲಿನ್ ಬೆರೆತ ಸಿರಪ್ ಚೀಟಿ ಇಲ್ಲದೆಯೂ ಸಿಗುತ್ತದೆ. ಅದೇ ಜಾತಿಯ ಸಾಲ್ಬುಟಮಾಲ್ ಅನ್ನು ಇನ್‌ಹೇಲರ್‌ನಲ್ಲಿ ದಿನಕ್ಕೆ 1,600 ಮೈಕ್ರೋಗ್ರಾಂ ತನಕ ಎಳೆದುಕೊಳ್ಳಲು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಲ್ಲಿ ಅವಕಾಶವಿದೆ. ಟರ್ಬುಟಲಿನ್‌ಗೆ ಯಾವ ರೂಪದಲ್ಲೂ ಇಲ್ಲ; ಮೊದಲೇ ಚಿಕಿತ್ಸಾ ವಿನಾಯಿತಿ ಪಡೆದಿರಬೇಕು. ಲೇಬಲ್ ಹಿಂಬದಿಯ ಸಣ್ಣ ಅಕ್ಷರ ಓದಿದ್ದರೆ ಸಾಕಿತ್ತು. ಈಗ ಭಾರತದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ ‘ನೋ ಯುವರ್ ಮೆಡಿಸಿನ್’ ಎಂಬ ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿದರೆ ನಿಷಿದ್ಧವೋ ಅಲ್ಲವೋ ಗೊತ್ತಾಗುತ್ತದೆ.

ತಕರಾರು ಸಿರಪ್‌ನದ್ದಲ್ಲ, ಕ್ಯಾಲೆಂಡರಿನದು. ನೋಟಿಸ್ ಕೊಟ್ಟದ್ದು ಜುಲೈ 16ಕ್ಕೆ. ಎಂಟು ತಿಂಗಳ ನಿಷೇಧ ಪ್ರಕಟವಾದದ್ದು ಜುಲೈ 30ಕ್ಕೆ. ಜಾರಿಗೆ ಬಂದದ್ದು ಮಾತ್ರ ಹಿಂದಿನ ಮಾರ್ಚ್ 16ರಿಂದ! ಅಂದರೆ ಸುದ್ದಿ ಬರುವ ಹೊತ್ತಿಗೆ ನಾಲ್ಕೂವರೆ ತಿಂಗಳು ಆಗಲೇ ಮುಗಿದಿತ್ತು. ಆ ನಾಲ್ಕೂವರೆ ತಿಂಗಳಲ್ಲಿ ಪೃಥ್ವಿ ಏನು ಮಾಡುತ್ತಿದ್ದರು? ಡೆಲ್ಲಿ ಪರ ಐಪಿಎಲ್‌ನ 16 ಪಂದ್ಯ ಆಡಿ 353 ರನ್ ಹೊಡೆದರು. ಮಾರ್ಚ್ 30ರಂದು ಕೋಲ್ಕತ್ತ ವಿರುದ್ಧ 99ಕ್ಕೆ ಔಟ್ ಆದರು, ಪಂದ್ಯ ಸೂಪರ್ ಓವರ್‌ಗೆ ಹೋಯಿತು, ದೇಶವೆಲ್ಲ ಒಂದು ರನ್‌ಗಾಗಿ ಅಯ್ಯೋ ಎಂದಿತು. ನಿಷೇಧದ ಹದಿನೈದನೆಯ ದಿನ ಅದು. ಆ 99 ಇವತ್ತಿಗೂ ಅವರ ಅಂಕಿಅಂಶದಲ್ಲಿ ಭದ್ರವಾಗಿದೆ.

ತಡವಾದದ್ದು ಆಟಗಾರನ ತಪ್ಪಲ್ಲ, ಬೇಗ ತಪ್ಪೊಪ್ಪಿಕೊಂಡವರಿಗೆ ಹಿಂದಿನ ತಾರೀಖಿನಿಂದ ಎಣಿಸಲು ನಿಯಮವಿದೆ ಎನ್ನುತ್ತಾರೆ. ಇರಲಿ. ಇದಕ್ಕೆ ಎದುರು ಸ್ಯಾನ್ ಡಿಯಾಗೊ ಬೇಸ್‌ಬಾಲ್ ತಂಡದ ಫರ್ನಾಂಡೊ ಟಾಟಿಸ್ ಜೂನಿಯರ್ ಲೆಕ್ಕ ನೋಡಿ. 14 ವರ್ಷಕ್ಕೆ 340 ಮಿಲಿಯನ್ ಡಾಲರ್ ಒಪ್ಪಂದ ಇದ್ದ ಹುಡುಗ. 2022ರ ಆಗಸ್ಟ್ 12ಕ್ಕೆ ಕ್ಲಾಸ್ಟೆಬಾಲ್ ಎಂಬ ಸ್ಟೆರಾಯ್ಡ್ ಸಿಕ್ಕಿ 80 ಪಂದ್ಯಗಳ ಅಮಾನತು. ಹುಳುಕಡ್ಡಿಗೆ ಹಚ್ಚಿದ ಔಷಧದಲ್ಲಿತ್ತು ಎಂದರು. ಆ ಔಷಧದಲ್ಲಿ ಅದು ಇರಬಹುದು, ಹಚ್ಚಿದ್ದೂ ನಿಜ ಇರಬಹುದು. ಯಾರೂ ವಾದಕ್ಕೆ ಇಳಿಯಲಿಲ್ಲ. ಎಣಿಕೆ ಶುರುವಾಯಿತು. ಆ ವರ್ಷದ ಉಳಿದ 48 ಪಂದ್ಯ, ಸ್ಯಾನ್ ಡಿಯಾಗೊ ಪ್ಲೇ ಆಫ್‌ನಲ್ಲಿ ಆಡಿದ 12, ಮುಂದಿನ ವರ್ಷದ ಮೊದಲ 20. ಒಟ್ಟು 80. 2023ರ ಏಪ್ರಿಲ್ 20ಕ್ಕೆ ಮೈದಾನಕ್ಕೆ ಬಂದರು. ಒಂದೊಂದು ಪಂದ್ಯಕ್ಕೂ ಸಂಬಳ ಕಡಿತ. ಇನ್ನೊಬ್ಬ ಆಟಗಾರ ರಾಬಿನ್ಸನ್ ಕನೋ ಎರಡನೆಯ ಸಲ, ಸ್ಟನಜಲಾಲ್ ಎಂಬ ಸ್ಟೆರಾಯ್ಡ್‌ನಲ್ಲಿ ಸಿಕ್ಕಿದಾಗ 2021ರ ಇಡೀ ವರ್ಷದ ಸಂಬಳ, ಸುಮಾರು 24 ಮಿಲಿಯನ್ ಡಾಲರ್, ಹೋಯಿತು. ಆಡದೆ ಕೂತ ಪಂದ್ಯ ಮಾತ್ರ ಶಿಕ್ಷೆ. ಆಡಿ ಮುಗಿಸಿದ ಪಂದ್ಯವನ್ನು ಶಿಕ್ಷೆ ಎಂದು ಬರೆದುಕೊಳ್ಳುವ ಕಲೆ ಇಲ್ಲಿಯವರಿಗೆ ಇನ್ನೂ ಬಂದಿಲ್ಲ.

ಬಿಸಿಸಿಐ ನಾಡಾದ ಕೆಳಗೆ ಬರಲು ಒಪ್ಪಿದ್ದೇ ಆ ಪ್ರಕರಣ ಹೊರಬಿದ್ದು ಹತ್ತು ದಿನಕ್ಕೆ, 2019ರ ಆಗಸ್ಟ್ 9ರಂದು. ಅಲ್ಲಿಯ ತನಕ ಆಟಗಾರರ ಖಾಸಗಿತನ, ಭದ್ರತೆ ಎಂದು ವರ್ಷಗಟ್ಟಲೆ ಎಳೆದಿದ್ದರು. ಕ್ರಿಕೆಟ್ ಬಿಟ್ಟು ಉಳಿದ ಕಡೆ ನೋಡಿದರೆ ಇನ್ನೂ ಬೇಸರ. ವಾಡಾ ಅಂಕಿಗಳಲ್ಲಿ 2023ರ ಭಾರತದ 5,606 ಮಾದರಿಗಳಲ್ಲಿ 213 ಪಾಸಿಟಿವ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾದವರು ಬಂದಿದ್ದಾರೆ ಎಂಬ ಸುದ್ದಿ ಹಬ್ಬಿ, ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ ಒಬ್ಬ. ಉಳಿದವರಿಗೆಲ್ಲ ಅದೇ ಹೊತ್ತಿಗೆ ಕಾಲುನೋವು ಬಂತು.

ನಮ್ಮವರದೇ ಉದಾಹರಣೆ ಬೇಕಾದರೆ ಕುಂದಾಪುರದ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ. 2010ರ ನವೆಂಬರ್‌ನಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇಯಲ್ಲೂ ಚಿನ್ನ. ಹಾರ, ಪೇಟ ಎಲ್ಲ ಆಯಿತು. 2011ರ ಜೂನ್ ಕೊನೆಗೆ ಮೆಥಾಂಡಿಯನೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ರಿಲೇ ಬಳಗದ ಇನ್ನೂ ಕೆಲವರದ್ದೂ ಅದೇ ಕತೆ. ನಾವು ಮಾಡಿದ್ದೇನು? ‘ಪಾಪ, ಹುಡುಗಿಗೆ ಏನು ಗೊತ್ತು, ಕೋಚ್ ಕೊಟ್ಟದ್ದು’ ಎಂದೆವು. ಉಕ್ರೇನ್‌ನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದ ಜಿನ್ಸೆಂಗ್ ಮೇಲೆ ತಪ್ಪು ಹಾಕಿದೆವು, ಅವರನ್ನು ಮನೆಗೆ ಕಳಿಸಿದೆವು. ನಾಡಾ ಒಂದು ವರ್ಷ ಕೊಟ್ಟಿತು, ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಸುಮ್ಮನಿರದೆ ಮೇಲ್ಮನವಿ ಹೋಗಿ 2012ರ ಜುಲೈನಲ್ಲಿ ಎರಡು ವರ್ಷ ಮಾಡಿಸಿತು. ಆ ಜಿನ್ಸೆಂಗ್ ಡಬ್ಬಿ ಯಾರ ಅನುಮತಿಯಿಂದ ಪಟಿಯಾಲದ ಶಿಬಿರದೊಳಗೆ ಹೋಯಿತು, ಬಳಸುವ ಮೊದಲು ಪರೀಕ್ಷೆಗೆ ಏಕೆ ಕಳಿಸಲಿಲ್ಲ ಎಂದು ಊರಿನಲ್ಲಿ ಪಟ್ಟು ಹಿಡಿದು ಕೇಳಿದವರು ಕಡಿಮೆ. ಇಲ್ಲಿ ಕ್ಲಬ್‌ಗಳು ಆಟಗಾರರಿಗೆ ಕೊಡುವ ಪುಡಿ, ಗುಳಿಗೆಗೆಲ್ಲ ಬ್ಯಾಚ್ ಬ್ಯಾಚ್‌ಗೂ ಪರೀಕ್ಷೆಯಾದ ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಮುದ್ರೆ ಇರಲೇಬೇಕು. ಮುದ್ರೆ ಇಲ್ಲದ ಡಬ್ಬಿ ತೆರೆದು ಸಿಕ್ಕಿಬಿದ್ದರೆ ಅದು ಅವನ ಹಣೆಬರಹ.

ಇಷ್ಟೆಲ್ಲ ಬೈದ ಮೇಲೆ ಇಲ್ಲಿನ ಕೊಳೆಯನ್ನು ಮುಚ್ಚಿಡುವಂತಿಲ್ಲ. ಮಾರ್ಕ್ ಮೆಗ್ವೈರ್ ಲಾಕರ್‌ನಲ್ಲಿ ಆಂಡ್ರೋಸ್ಟೀನ್‌ಡಯೋನ್ ಎಂಬ ಮದ್ದಿನ ಬಾಟಲಿ ಕಂಡದ್ದು 1998ರ ಬೇಸಿಗೆಯಲ್ಲಿ, 70 ಹೋಂ ರನ್‌ಗಳ ಜಾತ್ರೆಯ ನಡುವೆ. ಬರೆದ ವರದಿಗಾರನ ಮೇಲೇ ಎಲ್ಲರೂ ಸಿಟ್ಟಾದರು. ಟಿಕೆಟ್ ಮಾರಾಟವಾಗುತ್ತಿತ್ತು, ಮಾಲೀಕರು ಸುಮ್ಮನಿದ್ದರು. 2007ರ ಡಿಸೆಂಬರ್ 13ರಂದು ಬಂದ, ಬೇಸ್‌ಬಾಲ್‌ನ ಮದ್ದಿನ ಹಾವಳಿಯನ್ನು ತನಿಖೆ ಮಾಡಿದ ಮಿಚೆಲ್ ವರದಿಯ 409 ಪುಟಗಳಲ್ಲಿ 89 ಆಟಗಾರರ ಹೆಸರಿದೆ. ಮೆಟ್ಸ್ ತಂಡದ ಹಳೆಯ ಕ್ಲಬ್‌ಹೌಸ್ ನೌಕರನಿಗೆ ಆಟಗಾರರು ಬರೆದುಕೊಟ್ಟ ಚೆಕ್‌ಗಳ ಪ್ರತಿಗಳೂ ಇವೆ. ಮದ್ದಿಗೆ ಚೆಕ್! ಆ ಕಾಲದ ಉದ್ದಕ್ಕೂ ಕಮಿಷನರ್ ಆಗಿದ್ದ ಬಡ್ ಸೀಲಿಗ್ 2017ರಲ್ಲಿ ಹಾಲ್ ಆಫ್ ಫೇಮ್‌ಗೆ ಹೋದರು. 2003ರ ಗುಪ್ತ ಪರೀಕ್ಷೆಯ ಪಟ್ಟಿಯಲ್ಲಿ ಹೆಸರಿತ್ತೆಂದು ಪತ್ರಿಕೆಗಳು ಬರೆದ ಡೇವಿಡ್ ಆರ್ಟಿಜ್, ಬಾಂಡ್ಸ್ ಸೋತ ಅದೇ 2022ರಲ್ಲಿ ಶೇ 77.9 ಪಡೆದು ಮೊದಲ ಯತ್ನದಲ್ಲೇ ಒಳಹೋದರು. ನಗುಮುಖದವರಿಗೆ ಒಂದು ಅಳತೆ, ಸಿಡುಕುಮೂತಿಗೆ ಇನ್ನೊಂದು. ಮೆಲ್ಕಿಯೂ ಬೀದಿಗೆ ಬೀಳಲಿಲ್ಲ, ಅದೇ ನವೆಂಬರ್‌ನಲ್ಲಿ ಟೊರಾಂಟೊ ತಂಡ 16 ಮಿಲಿಯನ್ ಡಾಲರ್ ಕೊಟ್ಟು ಕರೆದುಕೊಂಡಿತು.

ಹೇಳಲು ಮನಸ್ಸಿಲ್ಲದಿದ್ದರೂ ಇನ್ನೊಂದನ್ನು ಒಪ್ಪಬೇಕು. 80 ಪಂದ್ಯ ಎಂದರೆ ಮೂರು ತಿಂಗಳು. ಟಾಟಿಸ್ ವಾಪಸ್ ಬಂದ ವರ್ಷವೇ ಲೀಗಿನ ಅತ್ಯುತ್ತಮ ಫೀಲ್ಡರ್ ಪ್ರಶಸ್ತಿ ಪಡೆದರು. ಅಶ್ವಿನಿಗೆ ಎರಡು ವರ್ಷವೂ ಲಂಡನ್ ಒಲಿಂಪಿಕ್ಸೂ ಹೋದವು. 2015ರ ವಾಡಾ ಸಂಹಿತೆಯಂತೆ ಈಗ ಸ್ಟೆರಾಯ್ಡ್‌ಗೆ ಮೊದಲ ಸಲವೇ ನಾಲ್ಕು ವರ್ಷ. ಉದ್ದೇಶಪೂರ್ವಕ ಅಲ್ಲ ಎಂದು ಸಾಬೀತು ಮಾಡುವ ಹೊರೆಯೂ ಓಟಗಾರ್ತಿಯದೇ. ಕಾಗದದ ಮೇಲೆ ನಮ್ಮ ಹಳ್ಳಿಯ ಹುಡುಗಿಗೆ ಬೀಳುವ ಪೆಟ್ಟು ಕೋಟ್ಯಧಿಪತಿ ಬ್ಯಾಟರ್‌ಗೆ ಬೀಳುವುದಕ್ಕಿಂತ ಎಷ್ಟೋ ಪಟ್ಟು ಜೋರು. ‘ಪಾಪ’ ಎಂಬ ಮಾತು ಬರೀ ಭೋಳೆತನದಿಂದ ಬಂದದ್ದಲ್ಲ.

ಮೇಜರ್ ಲೀಗ್‌ನ ಈ ಅಚ್ಚುಕಟ್ಟಾದ ಎಣಿಕೆ ಎಲ್ಲಿಂದ ಬಂತು ಎಂದರೆ ಚೌಕಾಸಿಯಿಂದ. ಎಷ್ಟು ಪಂದ್ಯ, ಯಾವ ಮಾದರಿ, ಯಾರು ಮಧ್ಯಸ್ಥಗಾರ, ಕೊರಿಯರ್ ಯಾವಾಗ, ಎಲ್ಲವನ್ನೂ ಮಾಲೀಕರ ಎದುರು ಕೂತು ಬರೆಸಿಕೊಂಡದ್ದು ಆಟಗಾರರ ಒಕ್ಕೂಟ. ಆಗ ಒಕ್ಕೂಟದ ರಕ್ಷಣೆ ಇಲ್ಲದಿದ್ದ ಮೈನರ್ ಲೀಗ್ (ಮೇಜರ್ ಲೀಗ್‌ಗೆ ಏರುವ ಮೊದಲಿನ ಕೆಳಹಂತ) ಹುಡುಗರ ಮೇಲೆ ಲೀಗ್ 2001ರಲ್ಲೇ ಯಾರನ್ನೂ ಕೇಳದೆ ಪರೀಕ್ಷೆ ಹೇರಿತ್ತು. ಅವರಲ್ಲಿ ಎಷ್ಟೋ ಮಂದಿ ಡೊಮಿನಿಕನ್ ರಿಪಬ್ಲಿಕ್‌ನಿಂದ 16-17ನೆಯ ವಯಸ್ಸಿಗೆ ಸಹಿ ಹಾಕಿ ಬಂದವರು, ಮದ್ದು ಕೊಟ್ಟವರು ಯಾರೆಂದು ಹೇಳಲೂ ಭಾಷೆ ಬಾರದವರು. ದೊಡ್ಡವರಿಗೆ ಶಿಕ್ಷೆಯ ಪರೀಕ್ಷೆ ಬಂದದ್ದು ಮೂರು ವರ್ಷ ತಡವಾಗಿ, ಅದೂ ಮೊದಲ ಸಲಕ್ಕೆ ಬರೀ ಚಿಕಿತ್ಸೆ. ನಮ್ಮ ಓಟಗಾರರು ಇವತ್ತಿಗೂ ಆ ಮೈನರ್ ಲೀಗ್ ಹುಡುಗರ ಸಾಲಿನಲ್ಲೇ ಇದ್ದಾರೆ. ಪೃಥ್ವಿಯ ಪ್ರಕರಣದ ವರ್ಷವೇ ನಮ್ಮಲ್ಲಿ ಭಾರತೀಯ ಕ್ರಿಕೆಟಿಗರ ಸಂಘ ಹುಟ್ಟಿತು, ಆದರೆ ಅದರಲ್ಲಿ ಸದಸ್ಯತ್ವ ನಿವೃತ್ತರಿಗೆ ಮಾತ್ರ.